ತಾವು ಪರಿಶೀಲನೆಗೆ ಬಂದ ದಿನ ನಾನು ಗೇಟಿನ ಹೊರಗಿದ್ದೆ

ನವಜಾತ ಶಿಶುಗಳ ವಾರ್ಡನ್ನು ಖುದ್ದಾಗಿ ಪರಿಶೀಲಿಸಿ ತೃಪ್ತಿ ವ್ಯಕ್ತಪಡಿಸಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ಕಾರ್ತಿಕದ ಒಂದು ಬುಧವಾರ ತಾವು ದೊಡ್ಡ ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿಗೆ ಭೇಟಿ ಕೊಟ್ಟಿರಿ. ತಾವು ಬರುತ್ತೀರೆಂದು ಅಲ್ಲಿದ್ದ ಇಪ್ಪತ್ತೆರಡು ಮಂದಿ ತಾಯಂದಿರನ್ನು ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಹೊರಗೆ ಕಳಿಸಲಾಯಿತು. ತಾವು ಹೊರಟುಹೋದ ಮೇಲೆ, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಒಳಗೆ ಬಿಡಲಾಯಿತು. ಈ ನಡುವೆ ಒಂದೂಕಾಲಕ್ಕೆ ನನ್ನ ಮಗಳು ತೀರಿಕೊಂಡಳು. ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು. ನಾನು ಅವಳಿಂದ ಅರವತ್ತು ಹೆಜ್ಜೆ ದೂರದಲ್ಲಿ, ರಸ್ತೆ ಬದಿಯ ಎಳನೀರಿನ ಗಾಡಿಯ ಪಕ್ಕ ನಿಂತಿದ್ದೆ. ಇಷ್ಟೇ ನನ್ನ ದೂರು. ಮುಂದೆ ಬರೆಯುವುದೆಲ್ಲ ಇದರ ವಿವರ.

ಯಾವ ಊರು, ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ತಮಗೆ ಮರೆತಿದ್ದರೆ ತಮ್ಮ ಪ್ರವಾಸದ ದಿನಚರಿಯಲ್ಲಿ ಇರುತ್ತದೆ. ಹೆಸರು ಬರೆದರೆ ಏನಾಗುತ್ತದೆಂದು ನನಗೆ ಗೊತ್ತು. ಇಬ್ಬರು ನರ್ಸುಗಳಿಗೆ ನೋಟಿಸು ಹೋಗುತ್ತದೆ, ಗೇಟಿನಲ್ಲಿ ಕೂರುವ ಬಡಪಾಯಿಯೊಬ್ಬ ಕೆಲಸ ಕಳೆದುಕೊಳ್ಳುತ್ತಾನೆ, ಕಡತದಲ್ಲಿ ‘ಸೂಕ್ತ ಕ್ರಮ ಜರುಗಿಸಲಾಗಿದೆ’ ಎಂಬ ಸಾಲೊಂದು ಸೇರುತ್ತದೆ. ನನಗೆ ಆ ಸಾಲು ಬೇಡ. ನನ್ನ ಮಗಳನ್ನು ಯಾರೋ ಸಾಯಿಸಿದರೆಂದೂ ನಾನು ಹೇಳುತ್ತಿಲ್ಲ. ಒಂದು ಕೆ.ಜಿ. ತೂಕದ ಮಗುವಿನ ಹೊಟ್ಟೆಗೆ ಸೋಂಕು ತಗಲಿದರೆ ದೊಡ್ಡ ದೊಡ್ಡ ಡಾಕ್ಟರರೂ ಕೈಚೆಲ್ಲುತ್ತಾರಂತೆ, ನಂಬಿದ್ದೇನೆ. ನಾನು ಒಳಗಿದ್ದರೂ ಅವಳು ಹೋಗುತ್ತಿದ್ದಳೇನೋ. ಆದರೆ ಒಬ್ಬಳೇ ಹೋಗುತ್ತಿರಲಿಲ್ಲ.

ನನ್ನ ಹೆಸರು ಶಶಿರೇಖಾ. ಶಿಕಾರಿಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಬಾಗಿಲು ತೆಗೆದು, ಕಸ ಹೊಡೆದು, ದಿನಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಓದಲು ಬಂದವರಿಂದ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ನಮ್ಮವರು ಮಹಾಂತೇಶ. ಶಿಕಾರಿಪುರದ ಕೃಷಿ ಮಾರುಕಟ್ಟೆಯಲ್ಲಿ ತೂಕ ಮಾಡುತ್ತಾರೆ. ಮದುವೆಯಾಗಿ ಎಂಟು ವರ್ಷದ ಮೇಲೆ ನಾನು ಬಸುರಿಯಾದೆ. ಸ್ಕ್ಯಾನಿಂಗಿನಲ್ಲಿ ಅವಳಿ ಎಂದು ಗೊತ್ತಾಗಿ ಫೋನ್ ಮಾಡಿದಾಗ ಅವರು ಚೀಲಗಳ ನಡುವೆ ನಿಂತಿದ್ದರು. “ಎರಡಂತೇನು? ಸರಿಯಾಗಿ ನೋಡ್ಯಾರಾ? ಇನ್ನೊಂದ್ ಸಲ ಕೇಳು” ಎಂದು ಮೂರು ಸಲ ಹೇಳಿದರು. ಅವರ ಕೆಲಸವೇ ಹಾಗೆ, ಒಂದು ಸಲ ತೂಗಿದ್ದನ್ನು ನಂಬುವವರಲ್ಲ.

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತವರಿಗೆ, ಸೊರಬ ತಾಲ್ಲೂಕಿನ ಉಳವಿಗೆ ಬಂದೆ. ಬಂದ ಮೂರನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ನೀರು ಹೋಯಿತು. ಹೆರಿಗೆಗೆ ಇನ್ನೂ ಎರಡೂವರೆ ತಿಂಗಳಿತ್ತು. ಅವ್ವ, ಲೋಕಮ್ಮ, ಮಂಡಿ ನೋವಿನ ಹೆಂಗಸು, ನಡುಮನೆಯಿಂದ ಬಾಗಿಲಿಗೆ ಬರಲು ಗೋಡೆ ಹಿಡಿಯುವವಳು. ಅವತ್ತು ಗೋಡೆ ಹಿಡಿಯದೆ ಓಡಿ ಪಕ್ಕದ ಮನೆಯ ವಸಂತನನ್ನು ಕೂಗಿದಳು. ಅವನ ಓಮ್ನಿಯಲ್ಲಿ ಸೊರಬದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅವ್ವ ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: “ಹೆದರ್ಬೇಡ ಮಾರಾಯ್ತಿ. ನಿನ್ನ ಸೋದರಮಾವ ಏಳು ತಿಂಗಳಿಗೇ ಹುಟ್ಟಿದ್ದು. ಹತ್ತಿಯಲ್ಲಿ ಸುತ್ತಿ ಬೆಚ್ಚಗೆ ಇಟ್ಟಿದ್ರು. ಈಗ ನೋಡು, ಬಾಗ್ಲಲ್ಲಿ ಬಗ್ಗಿ ಬರ್ಬೇಕು, ಅಷ್ಟೆತ್ತರ!”

ಹನ್ನೊಂದೂವರೆಗೆ ಮಗ ಹುಟ್ಟಿದ. ಹದಿನೇಳು ನಿಮಿಷ ಬಿಟ್ಟು ಮಗಳು. ಮಗ ಒಂದು ಕೆ.ಜಿ. ಇನ್ನೂರೈವತ್ತು ಗ್ರಾಂ, ಮಗಳು ಒಂದು ಕೆ.ಜಿ. ಇಪ್ಪತ್ತು ಗ್ರಾಂ. ಅವನು ಅತ್ತ, ಅವಳು ಅಳಲಿಲ್ಲ. ನರ್ಸು ಪಾದಕ್ಕೆ ಬೆರಳಿನಿಂದ ತಟ್ಟಿದ ಮೇಲೆ ಏನೋ ಸಣ್ಣ ದನಿ ಬಂತು. ಆ ದನಿ ಮಾತ್ರ ಕೇಳಿದೆ, ಮುಖ ನೋಡಲಿಲ್ಲ. ನನಗೆ ರಕ್ತಸ್ರಾವ ನಿಲ್ಲದೆ ಅವರೆಲ್ಲ ನನ್ನ ಸುತ್ತ ನಿಂತಿದ್ದರು. ಮಕ್ಕಳನ್ನು ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಇಲ್ಲಿ ಇಷ್ಟು ಚಿಕ್ಕ ಮಕ್ಕಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ಅವರು ಮಾಡಿದ್ದು ಸರಿ. ಶಿಕಾರಿಪುರದಿಂದ ಬೈಕಿನಲ್ಲಿ ಬಂದ ನಮ್ಮವರು ಆಂಬುಲೆನ್ಸ್ ಹೊರಡುವ ಹೊತ್ತಿಗೆ ಸರಿಯಾಗಿ ತಲುಪಿ, ಬೈಕನ್ನು ಅಲ್ಲೇ ಬಿಟ್ಟು ಹತ್ತಿಕೊಂಡರಂತೆ. ನನ್ನನ್ನು ನೋಡಲು ಒಳಗೂ ಬರಲಿಲ್ಲ. ಆಮೇಲೆ ಒಂದು ದಿನ ಹೇಳಿದರು: “ದಿನಾ ಕ್ವಿಂಟಾಲ್‌ಗಟ್ಟಲೆ ತೂಗ್ತೀನಿ. ಒಂದು ಕೆ.ಜಿ. ಅಂದ್ರೆ ಎಷ್ಟು ಅಂತ ಅವತ್ತೇ ಗೊತ್ತಾಗಿದ್ದು.”

ಆ ದಿನ ನಾನು ಸೊರಬದಲ್ಲಿ, ಮಕ್ಕಳು ಎರಡೂವರೆ ಗಂಟೆ ದಾರಿಯಾಚೆ. ವಾರ್ಡಿನಲ್ಲಿ ನನ್ನ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಬಾಣಂತಿ, ಇಬ್ಬರ ಪಕ್ಕದಲ್ಲೂ ಮಕ್ಕಳು. ನೋಡಲು ಬಂದವರು ನನ್ನ ಮಂಚದ ಹತ್ತಿರ ಬಂದು ತೊಟ್ಟಿಲು ಖಾಲಿ ಇರುವುದನ್ನು ಕಂಡು ದನಿ ತಗ್ಗಿಸಿ ಮುಂದೆ ಹೋಗುತ್ತಿದ್ದರು. “ಇದಾವೆ, ಎರಡೂ ಇದಾವೆ” ಎಂದು ಅವ್ವ ಕರೆದು ಕರೆದು ಹೇಳುತ್ತಿದ್ದಳು. ಯಾರೂ ನಂಬಿದಂತೆ ಕಾಣಲಿಲ್ಲ.

ಮರುದಿನ ನನ್ನನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮೂರು ದಿನ ನಾನು ರೋಗಿಯಾಗಿದ್ದೆ. ಮಂಚವಿತ್ತು, ಊಟವಿತ್ತು, ಕೇಳುವವರಿದ್ದರು. ಐದನೇ ದಿನ ‘ತಾಯಿ ಆರೋಗ್ಯವಾಗಿದ್ದಾರೆ’ ಎಂದು ಬರೆದು ಬಿಡುಗಡೆ ಮಾಡಿದರು. ಮಾನ್ಯರೇ, ನನ್ನ ಕಷ್ಟ ಶುರುವಾಗಿದ್ದು ನಾನು ಆರೋಗ್ಯವಾದ ಆ ಗಳಿಗೆಯಿಂದ. ತಮ್ಮ ನಿಯಮದಲ್ಲಿ ರೋಗಿಗೆ ಮಂಚವಿದೆ. ರೋಗಿಯನ್ನು ನೋಡಲು ಬರುವವರಿಗೆ ಸಂಜೆ ನಾಲ್ಕರಿಂದ ಐದರವರೆಗೆ ಪಾಸು ಇದೆ. ಆದರೆ ಒಳಗೆ ಮಲಗಿರುವ ಎರಡು ಮಕ್ಕಳಿಗೆ ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲ, ತನ್ನ ಮೈಯಿಂದ ಹಾಲು ಹಿಂಡಿ ಕೊಡಬೇಕಾದ ಹೆಂಗಸು ಯಾವ ಲೆಕ್ಕಕ್ಕೆ ಬರುತ್ತಾಳೆ? ಅವಳು ರೋಗಿಯಲ್ಲ, ಮಂಚ ಕೊಡಲಾಗದು. ಭೇಟಿಗೆ ಬಂದವಳೂ ಅಲ್ಲ, ಮನೆಗೆ ಹೋಗಲಾಗದು. ಹಾಗಾದರೆ ಅವಳು ಎಲ್ಲಿರಬೇಕು? ನಾನು ಈ ಪ್ರಶ್ನೆಯನ್ನು ಕೌಂಟರಿನಲ್ಲಿ ಕೇಳಿದೆ. “ಎಲ್ರೂ ಇರೋ ಹಂಗೆ ಇರ್ರಿ” ಎಂದರು.

ಎಲ್ಲರೂ ಇರುತ್ತಿದ್ದದ್ದು ವಾರ್ಡಿನ ಹೊರಗಿನ ಓಣಿಯಂಥ ಹಜಾರದಲ್ಲಿ, ನೆಲದ ಮೇಲೆ. ಅಲ್ಲಿ ನಲವತ್ತೊಂದು ದಿನ ಕಳೆದೆ. ಹಸಿ ಬಾಣಂತಿಯರು, ಹೊಟ್ಟೆ ಕುಯ್ದು ಹೊಲಿಗೆ ಹಾಕಿಸಿಕೊಂಡವರು, ಚಾಪೆ ತಂದವರು ಚಾಪೆಯ ಮೇಲೆ, ತರದವರು ಸೀರೆಯ ಮೇಲೆ. ಮೈಕಿನಲ್ಲಿ ಕರೆ ಬರುತ್ತಿತ್ತು. ನನ್ನ ಕರೆ: “ಬೇಬಿ ಆಫ್ ಶಶಿರೇಖಾ ಒನ್, ಬೇಬಿ ಆಫ್ ಶಶಿರೇಖಾ ಟೂ.” ಕರೆದಾಗ ಎದ್ದು, ಕೈ ತೊಳೆದು, ಹಾಲು ಹಿಂಡಿ, ಚೀಟಿ ಅಂಟಿಸಿದ ಎರಡು ಬಟ್ಟಲುಗಳಲ್ಲಿ ಒಳಗೆ ಕೊಡಬೇಕು. ಹಿಂಡುವುದೆಲ್ಲಿ? ಬಾಗಿಲಿಗೆ ಅಗುಳಿ ಇರುವ ಜಾಗವೆಂದರೆ ಆ ಮಹಡಿಯಲ್ಲಿ ಪಾಯಿಖಾನೆ ಒಂದೇ. ಮಕ್ಕಳನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ ಎಂದು ಗೋಡೆಯ ಮೇಲೆ ಚಿತ್ರಸಹಿತ ಬರೆಸಿದ್ದೀರಿ. ಆ ಮಕ್ಕಳು ಕುಡಿಯುವ ಹಾಲನ್ನು ಪಾಯಿಖಾನೆಯಲ್ಲಿ ನಿಂತು ಹಿಂಡಿರಿ ಎಂದು ಬರೆಸಿಲ್ಲ, ಅದು ತಾನಾಗಿಯೇ ನಡೆಯುತ್ತದೆ.

ಮೊದಲ ಬಾರಿ ನಾನು ಅಲ್ಲಿಂದ ವಾಂತಿ ಮಾಡಿಕೊಂಡು ಹೊರಗೆ ಬಂದಾಗ ಹಜಾರದ ಮೂಲೆಯಲ್ಲಿದ್ದ ಒಬ್ಬ ಹುಡುಗಿ ಕೈಸನ್ನೆ ಮಾಡಿ ಕರೆದಳು. ಆತಿಫಾ, ಶಿರಾಳಕೊಪ್ಪದವಳು. ಅವಳ ಗಂಡು ಮಗು ಐದನೇ ವಾರ್ಮರಿನಲ್ಲಿತ್ತು. ವಾರ್ಮರ್ ಅಂದರೆ ಮೇಲಿನಿಂದ ಬಿಸಿ ಬೀಳುವ ಪುಟ್ಟ ಮಂಚ. ನನ್ನ ಮಗ ಆರರಲ್ಲಿ, ಮಗಳು ಏಳರಲ್ಲಿ. “ಅಕ್ಕಾ, ಆ ಕಡೆ ಮುಖ ಮಾಡಿ ಕೂತ್ಕೊಳ್ರಿ, ನಾನು ಹಿಡೀತೀನಿ” ಎಂದು ತನ್ನ ದುಪಟ್ಟಾವನ್ನು ಎರಡೂ ಕೈಯಲ್ಲಿ ಅಗಲಿಸಿ ನನಗೆ ಮರೆಮಾಡಿ ನಿಂತಳು. ಆಮೇಲೆ ನಾನು ನನ್ನ ಸೆರಗು ಹಿಡಿದು ನಿಂತೆ, ಅವಳು ಕೂತಳು. ಅಂದಿನಿಂದ ದಿನಕ್ಕೆ ಎಂಟು ಸಲ ನಾವಿಬ್ಬರೂ ಒಬ್ಬರಿಗೊಬ್ಬರು ಗೋಡೆಯಾದೆವು. ಸರ್ಕಾರ ಕಟ್ಟಿಸಬೇಕಾದ ಗೋಡೆ.

ನಮ್ಮವರು ನಾಲ್ಕು ದಿನ ಇದ್ದು ಶಿಕಾರಿಪುರಕ್ಕೆ ವಾಪಸಾದರು. ಮೆಕ್ಕೆಜೋಳ ಬರುವ ಕಾಲ, ಮಾರುಕಟ್ಟೆ ತುಂಬಿತ್ತು, ಇರುವ ತೂಕದವರೇ ಸಾಲುತ್ತಿರಲಿಲ್ಲ. ಇದ್ದರೂ ಗಂಡಸರಿಗೆ ಆ ಮಹಡಿಗೆ ಪ್ರವೇಶವಿಲ್ಲ, ಗೇಟಿನ ಹೊರಗೇ ಕೂರಬೇಕು. ಅವ್ವನಿಗೆ ಮೆಟ್ಟಿಲು ಹತ್ತಲಾಗದು. ಅವಳು ಉಳವಿಯಿಂದ ದಿನಾ ಫೋನ್ ಮಾಡಿ “ಯಾರ ಥರಾ ಇದಾವೆ?” ಎಂದು ಕೇಳುತ್ತಿದ್ದಳು. ಏನು ಹೇಳಲಿ? ಮೂಗಿಗೊಂದು ನಳಿಕೆ, ಬಾಯಿಗೊಂದು ನಳಿಕೆ, ಕಣ್ಣಿಗೆ ಬಟ್ಟೆ, ತಲೆಗೆ ಟೋಪಿ. ಮುಖವೆಂದು ಹೇಳಿಕೊಳ್ಳಲು ಗಲ್ಲ ಮಾತ್ರ ಉಳಿದಿತ್ತು. “ನಿನ್ನ ಗಲ್ಲ ಬಂದಿದೆ ಅವಳಿಗೆ” ಎಂದು ಒಂದು ದಿನ ಹೇಳಿದೆ.

ಇಪ್ಪತ್ತೆರಡು ಹೆಂಗಸರ ನಡುವೆ ಇದ್ದವಳಿಗೆ ಒಂಟಿತನ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಎಲ್ಲರ ಕಿವಿಯೂ ಮೈಕಿನ ಕಡೆಗೇ ಇರುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಮೈಕು ಕರಕರ ಎಂದರೆ ಇಪ್ಪತ್ತೆರಡು ಜನರ ಉಸಿರೂ ನಿಲ್ಲುತ್ತಿತ್ತು. ಯಾರದೋ ಹೆಸರು ಬಂದರೆ ಅವಳೊಬ್ಬಳು ಎದ್ದು ಓಡುವಳು, ಉಳಿದವರು ಉಸಿರು ಬಿಡುವರು. ನನ್ನ ಹೆಸರಲ್ಲ ಎಂದು ನನಗೂ ಸಮಾಧಾನವಾಗುತ್ತಿತ್ತು. ಇನ್ನೊಬ್ಬಳ ಸಂಕಟಕ್ಕೆ ಸಮಾಧಾನ ಪಡುವ ಮನಸ್ಸು ನನ್ನದೆಂದು ಗೊತ್ತಾದ ಮೇಲೆ ಪಕ್ಕದವಳ ಹತ್ತಿರ ಮಾತಾಡಲು ಮುಖವಿರುವುದಿಲ್ಲ. ಹೀಗೆ ನಾವೆಲ್ಲ ಒಬ್ಬರ ಪಕ್ಕ ಒಬ್ಬರು ಕೂತು ಸುಮ್ಮನಿರುತ್ತಿದ್ದೆವು.

ಹದಿನಾರನೇ ದಿನ ರಮಾಬಾಯಿ ಸಿಸ್ಟರ್ ನನ್ನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿ, ಮಗಳನ್ನು ತಂದು ನನ್ನ ಬರಿಯ ಎದೆಯ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಕಟ್ಟಿದರು. “ಒತ್ತಿ ಹಿಡ್ಕೊಳ್ಳಿ, ಹೆದರ್ಬೇಡಿ. ನಿಮ್ಮ ಉಸಿರು ಕೇಳ್ತಾ ಕೇಳ್ತಾ ಅದೂ ಸರಿಯಾಗಿ ಉಸಿರಾಡ್ತದೆ” ಎಂದರು. ನಲವತ್ತು ನಿಮಿಷ. ಅವಳ ಕಿವಿಯ ಮೇಲೆ ಇನ್ನೂ ಸಣ್ಣ ಕೂದಲಿತ್ತು. ಒಂದು ಬೆರಳು ನನ್ನ ಕತ್ತಿನ ಹತ್ತಿರ ಬಂದು ಗೀಚಿತು. ಎದುರಿನ ಗೋಡೆಯ ಮೇಲೆ ತಮ್ಮ ಇಲಾಖೆಯ ದೊಡ್ಡ ಚಿತ್ರವಿತ್ತು: ನಗುತ್ತಿರುವ ತಾಯಿ, ಎದೆಯ ಮೇಲೆ ಮಗು, ಕೆಳಗೆ ‘ತಾಯಿಯ ಎದೆಯೇ ಶಿಶುವಿನ ಮೊದಲ ಮನೆ’ ಎಂಬ ಬರಹ. ಬರೆದವರು ಬಲ್ಲವರೇ. ಆ ಮನೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಯಾರೂ ಯೋಚಿಸಲಿಲ್ಲ.

ಹದಿನೆಂಟನೇ ದಿನ ಎರಡು ಸಂಗತಿ ನಡೆದವು. ಬೆಳಿಗ್ಗೆ ಮಗಳ ಹೊಟ್ಟೆ ಉಬ್ಬಿತ್ತು. ಕೊಟ್ಟ ಹಾಲು ಕರಗಿಲ್ಲ, ಸೋಂಕಿರಬಹುದು, ಹಾಲು ನಿಲ್ಲಿಸಿದ್ದೇವೆ ಎಂದು ಡಾಕ್ಟರು ಹೇಳಿದರು. ಅವತ್ತಿನಿಂದ ಮೈಕಿನಲ್ಲಿ ‘ಒನ್’ ಮಾತ್ರ ಕರೆಯುತ್ತಿದ್ದರು. ಮಧ್ಯಾಹ್ನ, ನಾಳೆ ದೊಡ್ಡ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಕೂಡಲೇ ಹಜಾರಕ್ಕೆ ಜೀವ ಬಂತು. ನಾವು ಕಟ್ಟಿದ್ದ ಹಗ್ಗ ಬಿಚ್ಚಿದರು, ಒಣಗಲು ಹಾಕಿದ್ದ ಬಟ್ಟೆ ತೆಗೆಸಿದರು, ಗಂಟುಮೂಟೆಗಳನ್ನು ಮೆಟ್ಟಿಲ ಕೆಳಗೆ ತಳ್ಳಿಸಿದರು. ಗೋಡೆಯಲ್ಲಿದ್ದ ಒಂದೇ ಪ್ಲಗ್ಗಿನಲ್ಲಿ ನಮ್ಮ ಫೋನುಗಳ ವೈರು ಜೋತಾಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೆ ಟೇಪು ಸುತ್ತಿದರು. ಸಂಜೆಗೆ ಹಜಾರ ಹೇಗಿತ್ತೆಂದರೆ ಅಲ್ಲಿ ಯಾರೂ ಎಂದೂ ಇದ್ದಿರಲೇ ಇಲ್ಲ ಎನ್ನುವ ಹಾಗಿತ್ತು. ನನ್ನ ಫೋನು ಮರುದಿನ ಬೆಳಗಾಗುವಷ್ಟರಲ್ಲಿ ಸತ್ತಿತ್ತು.

ಹತ್ತೊಂಬತ್ತನೇ ದಿನ, ಬುಧವಾರ. ಒಂಬತ್ತರ ಹಾಲು ಕೊಟ್ಟು ಬಂದಿದ್ದೆ. ಕಾವಲಿನ ಚಿಕ್ಕಬೀರಪ್ಪ ಬಂದು “ಎಲ್ಲಾರೂ ಹೊರಗ ನಡೀರವ್ವಾ, ಅರ್ಧ ತಾಸು” ಎಂದರು. ನಾನು ನನ್ನ ಮಗಳಿಗೆ ಹುಷಾರಿಲ್ಲ, ಮೂಲೆಯಲ್ಲಿ ಕೂರುತ್ತೇನೆ, ಕಾಣದ ಹಾಗೆ ಇರುತ್ತೇನೆ ಎಂದೆ.

“ನಂಗೇನ್ ಖುಷಿ ಏನ್ ತಂಗೀ? ಒಬ್ರೂ ಕಾಣಬಾರ್ದು ಅಂತ ಮ್ಯಾಲಿಂದ ಹೇಳ್ಯಾರ.”

“ಕರೆದ್ರೆ?”

“ಕರೆದ್ರ ನಾನ ಓಡಿ ಬಂದು ಹೇಳ್ತೀನಿ.”

ಪಾಪ, ಅವರಿಗೂ ಗೊತ್ತಿರಲಿಲ್ಲ, ಸಾಹೇಬರಿಗೆ ಗದ್ದಲವಾಗಬಾರದೆಂದು ಅವತ್ತು ಮೈಕನ್ನೇ ಬಂದ್ ಮಾಡಿದ್ದರು.

ಅರ್ಧ ತಾಸಿನ ಮೇಲೆ ಅರ್ಧ ತಾಸು ಹೋಯಿತು. ಹತ್ತಾಯಿತು, ಹನ್ನೊಂದಾಯಿತು. ಬಿಸಿಲು ಏರಿತು. ಕೂರಲು ಜಾಗವಿಲ್ಲ, ಒಂದು ಎಳನೀರಿನ ಗಾಡಿಯ ನೆರಳಿನಲ್ಲಿ ಸರದಿಯ ಮೇಲೆ ನಿಂತೆವು. ಹನ್ನೆರಡರ ಹಾಲಿನ ಹೊತ್ತು ಬಂದು ಹೋಯಿತು. ಎಲ್ಲರ ಎದೆಯೂ ಕಟ್ಟಿ ರವಿಕೆ ಒದ್ದೆಯಾಗಿತ್ತು. ದಾರಿಹೋಕರು ನೋಡುತ್ತಿದ್ದರು, ನಾವು ಸೆರಗು ಹೊದ್ದು ಗೋಡೆಯ ಕಡೆ ತಿರುಗಿದೆವು. ಹನ್ನೆರಡು ಮುಕ್ಕಾಲಿಗೆ ತಮ್ಮ ವಾಹನಗಳು ಬಂದವು, ಮೂರು. ಗೇಟು ಪೂರ್ತಿ ತೆರೆಯಿತು, ಮತ್ತೆ ಮುಚ್ಚಿತು. ತಾವು ಕಿಟಕಿಯಿಂದ ನೋಡಿದ್ದರೆ ನಾವು ಕಾಣುತ್ತಿದ್ದೆವು. ಸಾಲಾಗಿ ಬೆನ್ನು ಹಾಕಿ ನಿಂತಿದ್ದ ಇಪ್ಪತ್ತೆರಡು ಹೆಂಗಸರು. ಯಾರೆಂದು ಕೇಳಿದಿರಾ?

ಒಂದು ಗಂಟೆಯ ಮೇಲೆ ನನಗೆ ತಲೆ ಸುತ್ತಿತು. ಆತಿಫಾ ಒಂದು ಎಳನೀರು ಕೊಡಿಸಿ “ಕುಡೀರಿ ಅಕ್ಕಾ, ನೀವು ಬಿದ್ರೆ ಅವಕ್ಕೆ ಯಾರು?” ಎಂದಳು. ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಒಳ್ಳೆಯದೆನಿಸಿತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಂದೂಕಾಲಕ್ಕೆ ನಾನು ಏನು ಮಾಡುತ್ತಿದ್ದೆ ಎಂದು ಎಷ್ಟು ಸಲ ಕೂಡಿ ಕಳೆದು ನೋಡಿದರೂ ಉತ್ತರ ಅದೇ ಬರುತ್ತದೆ.

ಗೇಟು ತೆರೆದಾಗ ಓಡಿದೆ. ವಾರ್ಡಿನ ಬಾಗಿಲಲ್ಲಿ ರಮಾಬಾಯಿ ಸಿಸ್ಟರ್ ನಿಂತಿದ್ದರು. ನನ್ನನ್ನೇ ಕಾಯುತ್ತಿದ್ದರೆಂದು ದೂರದಿಂದಲೇ ಗೊತ್ತಾಯಿತು. “ಕರೆಯೋಣಾಂದ್ರೆ ಮೈಕ್ ಹಾಕೋ ಹಾಗಿರ್ಲಿಲ್ಲ ಶಶಿರೇಖಾ” ಎಂದರು. “ನಿಮ್ಮ ಫೋನ್ ಹತ್ತಲೇ ಇಲ್ಲ. ಒಬ್ಳನ್ನ ಓಡಿಸ್ದೆ, ಕೆಳಗೆ ಸಾಹೇಬ್ರ ಜನ ನಿಂತಿದ್ರು, ಆಚೆ ಬಿಡ್ಲಿಲ್ಲ ಅವ್ಳನ್ನ. ನಿಮ್ಮ ಯಜಮಾನ್ರಿಗೆ ಹೇಳಿದೀನಿ.” ಅಷ್ಟು ಹೇಳಿ ಅವರೇ ಅತ್ತರು. ನಾನು ಅಳಲಿಲ್ಲ. ಅವರು ಮಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಳಿಕೆಗಳನ್ನೆಲ್ಲ ತೆಗೆದಿದ್ದರು. ಅವಳ ಇಡೀ ಮುಖವನ್ನು ನಾನು ಮೊದಲ ಬಾರಿ ನೋಡಿದ್ದು ಆಗ. ಮೈ ಇನ್ನೂ ಬೆಚ್ಚಗಿತ್ತು. ಅದು ಅವಳ ಬಿಸಿಯೋ, ಯಂತ್ರದ ಬಿಸಿಯೋ ತಿಳಿಯಲಿಲ್ಲ.

ಮಾನ್ಯರೇ, ಇದನ್ನು ಸ್ವಲ್ಪ ಯೋಚಿಸಿ. ಹಾಲಿನ ಹೊತ್ತು ತಪ್ಪಿಸದೆ, ಊರು ಮನೆ ಬಿಟ್ಟು, ನೆಲದ ಮೇಲೆ ಮಲಗಿ ಕಾದವಳು ನಾನು. ಮಗಳ ಸ್ಥಿತಿ ಕೆಟ್ಟಿತೆಂದು ಮೊದಲು ಗೊತ್ತಾಗಿದ್ದು ದೂರದ ಶಿಕಾರಿಪುರದ ಮಾರುಕಟ್ಟೆಯಲ್ಲಿ ಜೋಳ ತೂಗುತ್ತಿದ್ದ ಅವಳ ಅಪ್ಪನಿಗೆ. ಅವರು ತಕ್ಕಡಿಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದರು. ದಾರಿಯಲ್ಲಿ ನನಗೆ ಮೂವತ್ತೊಂದು ಸಲ ಫೋನ್ ಮಾಡಿದ್ದರು. ಆ ಬಸ್ಸಿನಲ್ಲಿ ಅವರು ಒಬ್ಬರೇ, ಈ ಗೇಟಿನಲ್ಲಿ ನಾನು ಒಬ್ಬಳೇ, ಆ ಏಳನೇ ನಂಬರಿನ ಮಂಚದ ಮೇಲೆ ಅವಳು ಒಬ್ಬಳೇ.

ಮೂರು ಗಂಟೆಗೆ ಮೈಕು ಮತ್ತೆ ಶುರುವಾಯಿತು. “ಬೇಬಿ ಆಫ್ ಶಶಿರೇಖಾ ಒನ್.” ಮಗಳನ್ನು ಸಿಸ್ಟರ್ ಕೈಗೆ ಕೊಟ್ಟು, ಕೈ ತೊಳೆದು, ಕೂತು ಹಾಲು ಹಿಂಡಿದೆ. ಆತಿಫಾ ದುಪಟ್ಟಾ ಹಿಡಿದು ನಿಂತಿದ್ದಳು. ಹಾಲು ಎಂದಿಗಿಂತ ಹೆಚ್ಚು ಬಂತು. ಎರಡು ಮಕ್ಕಳಿಗೆ ಆಗುವಷ್ಟು.

ನಮ್ಮವರು ಬಂದಾಗ ನಾಲ್ಕು ಗಂಟೆಯ ಹತ್ತಿರ. ಮಗಳನ್ನು ಮಣ್ಣು ಮಾಡಲು ಊರಿಗೆ ಒಯ್ಯಬೇಕು, ಮಗನಿಗೆ ಆರು ಗಂಟೆಗೆ ಹಾಲು ಕೊಡಬೇಕು. ಇಬ್ಬರೂ ಹೋಗುವ ಹಾಗಿರಲಿಲ್ಲ. ಅವರು ಕೈ ಚಾಚಿದರು, ನಾನು ಕೊಟ್ಟೆ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕಾರು ತಿರುಗುವಾಗ ಅವರು ಬಟ್ಟೆಯ ಅಂಚನ್ನು ಎಳೆದು ಅವಳ ತಲೆ ಮುಚ್ಚಿದ್ದು ಕಂಡಿತು, ಗಾಳಿ ತಾಗೀತೆಂದು. ಉಳವಿಯಿಂದ ಶಿಕಾರಿಪುರಕ್ಕೆ ಬಂದಿದ್ದ ಅವ್ವ ಅವಳನ್ನು ನೋಡಿದ್ದು ಅವತ್ತು ಸಂಜೆ. “ಹೌದು, ನನ್ನದೇ ಗಲ್ಲ” ಎಂದಳಂತೆ. ಮಣ್ಣು ಮಾಡಿದ ಜಾಗವನ್ನು ನಾನು ನೋಡಿದ್ದು ಮಗನನ್ನು ಎತ್ತಿಕೊಂಡು ಮನೆಗೆ ಹೋದ ಮೇಲೆ, ನಲವತ್ತಾರನೇ ದಿನ. ಅಷ್ಟರಲ್ಲಿ ಅಲ್ಲಿ ಹುಲ್ಲು ಬಂದಿತ್ತು.

ಮಗ ಚೆನ್ನಾಗಿದ್ದಾನೆ. ಈಗ ಆರೂವರೆ ಕೆ.ಜಿ. ಮಗುಚಿಕೊಳ್ಳುತ್ತಾನೆ, ನಗುತ್ತಾನೆ. ಆತಿಫಾಳ ಮಗನೂ ಉಳಿದ. ಅವರನ್ನು ಉಳಿಸಿದ್ದು ಅದೇ ವಾರ್ಡು, ಅದೇ ಡಾಕ್ಟರು, ಅದೇ ಸಿಸ್ಟರು. ಆ ಋಣ ನನಗೆ ಮರೆತಿಲ್ಲ. ಅದಕ್ಕೇ ಇಷ್ಟು ದಿನ ಬರೆಯದೆ ಸುಮ್ಮನಿದ್ದೆ.

ಬರೆಯಲು ಕಾರಣ ಇದು. ಆರು ತಿಂಗಳ ರಜೆ ಮುಗಿಸಿ ಗ್ರಂಥಾಲಯಕ್ಕೆ ಹೋದೆ. ನಾನಿಲ್ಲದಾಗ ಬಂದ ಪತ್ರಿಕೆಗಳನ್ನು ಯಾರೋ ಮೂಲೆಯಲ್ಲಿ ಒಟ್ಟಿದ್ದರು. ತಾರೀಖಿನ ಪ್ರಕಾರ ಜೋಡಿಸುತ್ತ ಕೂತಿದ್ದಾಗ ಆ ಬುಧವಾರದ ಮರುದಿನದ ಸಂಚಿಕೆ ಕೈಗೆ ಬಂತು. ನಾಲ್ಕನೇ ಪುಟದಲ್ಲಿ ತಮ್ಮ ಭೇಟಿಯ ಸುದ್ದಿ. ‘ವಾರ್ಡಿನ ಸ್ವಚ್ಛತೆ ಹಾಗೂ ಶಿಸ್ತಿನ ಬಗ್ಗೆ ಅಧಿಕಾರಿಗಳು ತೃಪ್ತಿ ವ್ಯಕ್ತಪಡಿಸಿದರು. ಆವರಣದಲ್ಲಿ ಅನಗತ್ಯ ಜನಸಂದಣಿ ಇಲ್ಲದಿರುವುದು ಶ್ಲಾಘನೀಯ ಎಂದರು.’ ಎರಡು ಸಲ ಓದಿದೆ. ಅನಗತ್ಯ ಜನಸಂದಣಿ. ನಲವತ್ತೊಂದು ದಿನ ನಾನು ಯಾವ ಲೆಕ್ಕಕ್ಕೆ ಸೇರಿದವಳೆಂದು ಹುಡುಕುತ್ತಿದ್ದೆನಲ್ಲ, ಕೊನೆಗೆ ಉತ್ತರ ಸಿಕ್ಕಿತು.

ನನಗೆ ಒಂದೇ ಆಶ್ಚರ್ಯ. ತಾವು ಓದಿದವರು, ತಮಗೂ ತಾಯಿ ಇದ್ದಿರಬೇಕು. ಇಪ್ಪತ್ತಮೂರು ಹಸುಗೂಸುಗಳು ಮಲಗಿದ್ದ ಕೋಣೆಗೆ ಬಂದಿರಿ. ಒಬ್ಬಳೇ ಒಬ್ಬ ತಾಯಿ ಅಲ್ಲಿರಲಿಲ್ಲ. ಒಳಗಿಲ್ಲ, ಹಜಾರದಲ್ಲಿಲ್ಲ, ಮೆಟ್ಟಿಲ ಮೇಲಿಲ್ಲ. ‘ಇವರ ತಾಯಂದಿರೆಲ್ಲಿ?’ ಎಂದು ಕೇಳಬೇಕೆಂದು ತಮಗೆ ಅನ್ನಿಸಲಿಲ್ಲವೇ? ಯಂತ್ರಗಳ ಸಂಖ್ಯೆ ಕೇಳಿದಿರಂತೆ, ಔಷಧಿಯ ದಾಸ್ತಾನು ಕೇಳಿದಿರಂತೆ, ನೆಲ ಒರೆಸುವ ವೇಳಾಪಟ್ಟಿಯನ್ನೂ ತರಿಸಿ ನೋಡಿದಿರಂತೆ. ಆ ಒಂದು ಪ್ರಶ್ನೆ ಕೇಳಿದ್ದರೆ ಯಾರಾದರೂ ಗೇಟಿನ ಕಡೆ ಕೈ ತೋರಿಸುತ್ತಿದ್ದರು. ಗೇಟು ತೆರೆಯುತ್ತಿತ್ತು. ಅರವತ್ತು ಹೆಜ್ಜೆಯನ್ನು ನಾನು ಎಷ್ಟು ಹೊತ್ತಿನಲ್ಲಿ ಓಡುತ್ತಿದ್ದೆ ಗೊತ್ತೇ?

ಈಗ ನನ್ನ ಬೇಡಿಕೆ. ಅಂಥ ಪ್ರತಿ ವಾರ್ಡಿನ ಪಕ್ಕದಲ್ಲಿ ತಾಯಂದಿರಿಗೆ ಒಂದು ಕೋಣೆ ಕೊಡಿ. ಒಳಗೆ ಎಷ್ಟು ಮಕ್ಕಳ ಮಂಚವೋ ಇಲ್ಲಿ ಅಷ್ಟು ತಾಯಂದಿರ ಮಂಚ, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಬಾಗಿಲು, ಹಾಲು ಹಿಂಡಲು ಒಂದು ಕುರ್ಚಿ, ಒಂದು ನಲ್ಲಿ. ಮಗು ಬಿಡುಗಡೆಯಾಗುವವರೆಗೆ ತಾಯಿಗೆ ಬಿಡುಗಡೆಯಿಲ್ಲ ಎಂದು ನಿಯಮ ಬರೆಯಿರಿ. ಮಗುವಿನ ಸ್ಥಿತಿ ಕೆಟ್ಟಾಗ, ಯಾರೇ ಒಳಗಿರಲಿ, ಎಷ್ಟೇ ದೊಡ್ಡವರಿರಲಿ, ಮೊದಲು ತಾಯಿಯನ್ನು ಕರೆಯಬೇಕೆಂದು ಬರೆಯಿರಿ. ಪರಿಶೀಲನೆಗೆ ತಾವು ಹೇಳದೆ ಬನ್ನಿ. ನಾವು ಹೇಗಿದ್ದೇವೋ ಹಾಗೆ ನೋಡಿ. ಗಲೀಜಾಗಿಯೇ ಇರುತ್ತೇವೆ, ಹಾಲು ರಕ್ತ ಬೆವರು ವಾಸನೆ ಬರುತ್ತೇವೆ. ತೃಪ್ತಿಯಾಗದಿದ್ದರೆ ಹಾಗೇ ಬರೆಯಿರಿ.

ಇನ್ನೊಂದು ಬೇಡಿಕೆ ನನ್ನ ಸ್ವಂತದ್ದು. ಆ ಸುದ್ದಿಯ ಜೊತೆಗೆ ಒಂದು ಫೋಟೋ ಇದೆ. ತಾವು ಗೌನು, ಟೋಪಿ ಹಾಕಿಕೊಂಡು ಒಂದು ವಾರ್ಮರಿನ ಮೇಲೆ ಬಗ್ಗಿದ್ದೀರಿ. ವಾರ್ಮರಿನ ಬದಿಗೆ ಅಂಟಿಸಿದ ಚೀಟಿಯಲ್ಲಿ ಏಳು ಎಂಬ ಅಂಕಿ ಸ್ಪಷ್ಟವಾಗಿ ಕಾಣುತ್ತದೆ. ತಮ್ಮ ಮೊಣಕೈಯ ಪಕ್ಕ, ಹೆಬ್ಬೆರಳಿನಷ್ಟು ಜಾಗದಲ್ಲಿ, ಒಂದು ಟೋಪಿ ಮತ್ತು ಒಂದು ಗಲ್ಲ. ತಾಯಂದಿರು ಒಳಗೆ ಫೋನು ಒಯ್ಯುವ ಹಾಗಿರಲಿಲ್ಲ. ನನ್ನ ಮಗಳ ಫೋಟೋ ಎಂದು ಈ ಲೋಕದಲ್ಲಿ ಇರುವುದು ಅದೊಂದೇ. ಗ್ರಂಥಾಲಯದ ಪತ್ರಿಕೆಯನ್ನು ಕತ್ತರಿಸಬಾರದೆಂದು ಗೋಡೆಗೆ ಬೋರ್ಡು ಬರೆದು ಹಾಕಿದವಳೇ ನಾನು. ಕತ್ತರಿಸಿದೆ. ಆದರೆ ಪತ್ರಿಕೆಯ ಅಚ್ಚಿನಲ್ಲಿ ಹತ್ತಿರ ಹಿಡಿದಷ್ಟೂ ಅವಳು ಬರೀ ಚುಕ್ಕೆಗಳಾಗಿ ಚೆದುರಿಹೋಗುತ್ತಾಳೆ.

ಅದರ ಮೂಲ ಪ್ರತಿ ತಮ್ಮ ಕಚೇರಿಯಲ್ಲಿ ಇರುತ್ತದೆ. ದಯಮಾಡಿ ಒಂದು ಪ್ರತಿ ಕಳಿಸಿ. ಈಗಿನ ಕ್ಯಾಮೆರಾಗಳಲ್ಲಿ ಫೋಟೋ ತೆಗೆದ ಗಳಿಗೆಯೂ ದಾಖಲಾಗಿರುತ್ತದಂತೆ. ಅದನ್ನೂ ಬರೆದು ಕಳಿಸಿ. ತಾವು ಬಗ್ಗಿ ನೋಡುತ್ತಿದ್ದಾಗ ಅವಳು ಇನ್ನೂ ಇದ್ದಳೇ ಎಂಬುದಷ್ಟು ನನಗೆ ತಿಳಿಯಬೇಕು. ಇದ್ದಿದ್ದರೆ, ಕೊನೆಯ ಹೊತ್ತಿನಲ್ಲಿ ಯಾರೋ ಒಬ್ಬರು, ತಾವಾದರೂ, ಅವಳ ಮುಖ ನೋಡಿದಿರಿ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಇಂತಿ,
ತಮ್ಮ ಭೇಟಿಯ ದಿನ ಆವರಣದಲ್ಲಿ ಕಾಣಿಸದೆ ತಮ್ಮ ಮೆಚ್ಚುಗೆಗೆ ಪಾತ್ರರಾದ ಇಪ್ಪತ್ತೆರಡು ಜನರಲ್ಲಿ ಒಬ್ಬಳು,
ಶಶಿರೇಖಾ
ಶಿಕಾರಿಪುರ ತಾಲ್ಲೂಕು